ಹಗೇವಿನಿಂದ ಬಂದ ಬಾವುಟ

"ಇಳೀಲೇ ಬೋಳಿಮಗನ, ಟಾಕಿ ಏನ್ ನಿನ್ನ ನುಂಗ್ತದೇನು?"

ವೀರಭದ್ರಪ್ಪ ಗೌಡರ ಬಾಯಿ ಊರಿನಲ್ಲಿ ಹೇಗೋ ಮುಂಬೈ ಹತ್ತಿರದ ಈ ಶಹಾಡ್‌ನಲ್ಲೂ ಹಾಗೇ. ಅವರ ಸಭಾಭವನದ ಹಿತ್ತಲಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ನೀರಿನ ನೆಲಟಾಕಿಯ ಕಬ್ಬಿಣದ ಮುಚ್ಚಳವನ್ನು ಪಾರವ್ವ ಮತ್ತು ಅವಳ ತಮ್ಮ ಯಂಕಣ್ಣ ಆಗತಾನೇ ಸರಿಸಿದ್ದರು. ಕೊಳೆತ ವಾಸನೆ ಗಪ್ಪನೆ ಮುಖಕ್ಕೆ ಬಡಿದಿತ್ತು. ಟ್ಯಾಂಕರ್ ಬರುವುದರೊಳಗೆ ತಳದ ಕೆಸರು ಎತ್ತಬೇಕು. ಸಂಜೆ ಗೌಡರ ಅಜ್ಜನ ಸ್ಮಾರಕದ ಅನಾವರಣ. ಡೊಂಬಿವಲಿ, ಕಲ್ಯಾಣದಲ್ಲಿರುವ ಊರ ಮಂದಿಗೆಲ್ಲ ಊಟ.

ಭವನದ ಬಾಗಿಲಲ್ಲಿ ಕಪ್ಪುಕಲ್ಲಿನ ಅಜ್ಜ ನಿಂತಿದ್ದ, ಕೈಯಲ್ಲಿ ಕಲ್ಲಿನದೇ ಬಾವುಟ. ರಜಾಕಾರರ ಕಾಲದಲ್ಲಿ ಬಾವುಟ ಕಾಪಾಡಿ, ಸೈನ್ಯ ಬಂದು ಊರು ಬಿಡುಗಡೆಯಾದ ದಿನ ಏರಿಸಿದ ಪುಣ್ಯಾತ್ಮನೆಂದು ಕೆಳಗೆ ಕೆತ್ತಿಸಿದ್ದರು.

ಬಾವುಟ ಇದ್ದದ್ದು ಹಗೇವಿನಲ್ಲಿ, ಜೋಳ ತುಂಬಿಡುವ ನೆಲಗುಂಡಿಯಲ್ಲಿ. ಇಳಿದು ತೆಗೆದುಕೊಟ್ಟವನು ಪಾರವ್ವನ ಅಜ್ಜ ಹಣಮಂತ್ರಾಯ. ಹಗೇವು ತೆರೆದರೆ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ಅದು ಆರಿದರೆ ಒಳಗೆ ಮನುಷ್ಯನಿಗೂ ಉಸಿರಿಲ್ಲ. ಊರಿನ ಮಕ್ಕಳಿಗೂ ಗೊತ್ತಿದ್ದ ಮಾತು. ಅವತ್ತು ಮಿಲಿಟರಿ ಲಾರಿ ಊರ ಅಗಸಿ ಬಾಗಿಲಿಗೆ ಬಂದಿತ್ತು, ಗೌಡರ ಅಜ್ಜನಿಗೆ ದೀಪ ಇಳಿಸುವಷ್ಟೂ ಪುರುಸೊತ್ತಿರಲಿಲ್ಲ. ಹಗ್ಗದ ತುದಿಯಲ್ಲಿ ಬಾವುಟದ ಗಂಟು ಮೇಲೆ ಬಂತು. ಹಣಮಂತ್ರಾಯ ಬರಲಿಲ್ಲ.

"ಮಂದಿ ಚಪ್ಪಾಳಿ ಹೊಡದು ಮುಗಿಸಿದ ಮ್ಯಾಲ ಹೆಣ ಎತ್ತಿದ್ರು," ಎಂದು ಪಾರವ್ವನ ಅಜ್ಜಿ ಬಾಲಮ್ಮ ಸಾಯುವ ತನಕ ಹೇಳುತ್ತಿದ್ದಳು.

"ಗೌಡ್ರ, ಮೊದ್ಲ ದೀಪ ಇಳಸೂಣ್ರಿ," ಎಂದಳು ಪಾರವ್ವ.

"ಇದೇನ್ ನಿಮ್ಮಪ್ಪನ ಹಗೇವೇನ? ಸಿಮಿಟಿನ ಟಾಕಿ. ಖಾಲಿಪೀಲಿ ಟೈಮ್ ಖೋಟಿ ಮಾಡಬ್ಯಾಡ. ಇವ ಇಳೀಲಿ, ಇಲ್ಲಾಂದ್ರ ಇವತ್ತ ನೀವಿರೂ ನನ್ನ ಖೋಲಿ ಬಿಡ್ರಿ."

ಯಂಕಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. "ಇರ್ಲಿ ಬಿಡಕ್ಕಾ. ಮಳಿ ಇನ್ನಾ ನಿಂತಿಲ್ಲ, ಮಕ್ಕಳ್ನ ಕಟಕೊಂಡು ಎಲ್ಲಿಗಿ ಹೋಗೂದು?"

ಪಾರವ್ವ ಸರಸರನೆ ಹೋಗಿ ಕಲ್ಲಿನ ಅಜ್ಜನ ಮುಂದೆ ಉರಿಯುತ್ತಿದ್ದ ಹಿತ್ತಾಳೆಯ ದೀಪ ಎತ್ತಿಕೊಂಡಳು.

"ಏ ರಂಡೆ, ಅದನ್ನ್ಯಾಕ ಮುಟ್ಟಿದಿ?" ಎಂದು ಅನಾವರಣದ ಪೂಜೆಗೆ ಬಂದಿದ್ದ ಪೂಜಾರಿ ಮೈಲಿಗೆಗೆ ಹೆದರಿ ದೂರದಿಂದಲೇ ಒದರಿದ.

ತಮ್ಮನ ಸೊಂಟದ ಹಗ್ಗ ಬಿಚ್ಚಿ ದೀಪಕ್ಕೆ ಕಟ್ಟಿ ಟಾಕಿಯೊಳಗೆ ಬಿಟ್ಟಳು. ಮೂವರೂ ಬಗ್ಗಿ ನೋಡಿದರು. ಕುಡಿ ಸಣ್ಣಗಾಯಿತು, ನೀಲಿಯಾಯಿತು, ಆರಿತು.

ಪಾರವ್ವ ದೀಪ ಎಳೆದುಕೊಂಡು ಹಗ್ಗದ ತುದಿಯನ್ನು ಗೌಡರ ಕಡೆಗೆ ಚಾಚಿದಳು.

"ಈ ಸಲ ನೀವ ಇಳೀರಿ ಗೌಡ್ರ. ಹಗ್ಗ ನಾವ್ ಹಿಡೀತೀವಿ."

ಗೌಡರು ಹಿಂದೆ ಸರಿದರು. ಆಮೇಲೆ ಮೊಬೈಲ್ ತೆಗೆದು ತಣ್ಣಗೆ ಮಾತಾಡಿದರು. "ಪಾರಿ ಖೋಲಿ ಸಾಮಾನು ಹೊರಗ ಒಗೀರಿ. ಹಂಗ ನಾಕಾದಾಗ ನಿಂತ ಕೂಲಿಯವರೊಳಗ ಒಬ್ಬನ್ನ ಕಳಸ್ರಿ."

ಯಂಕಣ್ಣ ಅಕ್ಕನ ಮುಖ ನೋಡಿದ. ಇಬ್ಬರೂ ಸೇರಿ ಮುಚ್ಚಳ ಎಳೆದರು, ಅದರ ಮೇಲೆಯೇ ಕೂತರು. ಭವನದೊಳಗೆ ಮೈಕಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಿದ್ದರು.

ಸ್ವಲ್ಪ ಹೊತ್ತಿಗೆ ಗೇಟಿನ ಹತ್ತಿರ ಆಟೋ ನಿಂತಿತು. ಹೆಗಲ ಮೇಲೆ ಹಗ್ಗ ಹಾಕಿಕೊಂಡು, ಹಿಂದಿಯಲ್ಲಿ ಕೆಲಸ ಎಲ್ಲಿ ಎಂದು ಕೇಳುತ್ತ ಒಬ್ಬ ಹಿತ್ತಲಿಗೆ ಬಂದ. ಪಾರವ್ವ ಕೂತಲ್ಲಿಂದ ಏಳಲಿಲ್ಲ. ಆರಿದ ದೀಪವನ್ನು ಅವನ ಕಣ್ಣಿಗೆ ಬೀಳುವ ಹಾಗೆ ಮುಂದಕ್ಕೆ ಸರಿಸಿದಳು.