ಸುಗುಣಕ್ಕನ ಐದು ಮನೆ

ತೆಕ್ಕಟ್ಟೆಯ ಸುಗುಣಕ್ಕ ಇಪ್ಪತ್ತು ವರ್ಷ ಮನೆಮನೆಗೆ ಮೀನು ಮಾರಿದವರು. ಕಳೆದ ವರ್ಷ ಹೆದ್ದಾರಿ ದಾಟುವಾಗ ಬೈಕು ಬಡಿದು ತಲೆಗೆ ಪೆಟ್ಟಾಯಿತು. ಗಾಯ ಮಾಗಿದರೂ ದಾರಿ ಮರೆಯುತ್ತಿತ್ತು. ಒಮ್ಮೆ ಮನೆಯ ಹತ್ತಿರವೇ ದಿಕ್ಕು ತಪ್ಪಿದ ಮೇಲೆ ಮಗಳು ಸರಸ ಅವರನ್ನು ಹೊರಗೆ ಬಿಡಲಿಲ್ಲ.

ತಲೆಗೆ ಪೆಟ್ಟಾದವರ ಮನೆಗೇ ಹೋಗಿ ನೆರವಾಗುವ ಸಂಸ್ಥೆಯೊಂದರ ಧನ್ಯಶ್ರೀ ವಾರಕ್ಕೊಮ್ಮೆ ಬರುತ್ತಿದ್ದಳು. ಮಾತ್ರೆ, ವ್ಯಾಯಾಮ ಎಲ್ಲ ವಿಚಾರಿಸಿದ ಮೇಲೆ ಒಂದು ದಿನ ಕೇಳಿದಳು: "ಸುಗುಣಕ್ಕ, ನಿಮ್ಗ್ ಎಂತ ಬೇಕ್?"

"ಮೀನ್ ಮಾರುಕ್ ಹೋಯ್ಕ್."

ಮತ್ತೆ ಮೀನು ಮಾರಲು ಕಳಿಸುವಂತೆ ಸರಸಳನ್ನು ಒಪ್ಪಿಸಲು ತಿಂಗಳು ಹಿಡಿಯಿತು. ಧನ್ಯಶ್ರೀ ಒಂದೇ ಓಣಿಯ ಐದು ಮನೆ ಆರಿಸಿ, ಅಲ್ಲಿನವರಿಗೆಲ್ಲ ವಿಷಯ ತಿಳಿಸಿದಳು. ಮೊದಲ ದಿನ ತಾನೂ ಸ್ವಲ್ಪ ಹಿಂದೆ ನಡೆದಳು.

ಮೂರು ಮನೆ ಸರಾಗವಾಗಿ ಮುಗಿಯಿತು. ಆಮೇಲೆ ಸುಗುಣಕ್ಕ ನಿಂತುಬಿಟ್ಟರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಧನ್ಯಶ್ರೀ ಮುಂದೆ ಬರುವಷ್ಟರಲ್ಲಿ ಸುಗುಣಕ್ಕ ಗಂಟಲೆತ್ತಿ ಕೂಗಿದರು: "ಹ್ವಾಯ್, ಮೀನ್ ಬೇಕಾ ಮೀನ್!"

"ಇಲ್ ಬನ್ನಿ ಸುಗುಣಕ್ಕ!" ಬಾವಿಕಟ್ಟೆಯ ಕಡೆಯಿಂದ ಹೆಂಗಸೊಬ್ಬಳು ಕರೆದಳು. ಆ ದನಿ ಹಿಡಿದು ಅವರು ನಾಲ್ಕನೆಯ ಮನೆ ಸೇರಿದರು. ಐದನೆಯದನ್ನೂ ಹಾಗೇ ಕೂಗಿ ಕಂಡುಕೊಂಡರು.

ಬುಟ್ಟಿ ಖಾಲಿಯಾಗಿತ್ತು. ಹಿಂತಿರುಗುವಾಗ ಧನ್ಯಶ್ರೀಯನ್ನು ಕಂಡು ನಕ್ಕರು.

"ನಿಂಗೆ ಒಂದ್ ಬಂಗ್ಡೆಯೂ ಉಳೀಲಿಲ್ಲ ಮಗಾ. ನಾಳೆ ತತ್ತೆ."