ಚಾಂದಿ ಗೋಣು ಹಾಕಿದ್ದು

ಸಂಗ್ರಾಮ ಟೀವಿಗಾಗಿ ಮೊಟ್ಟಮೊದಲು ಮಾತಾಡಿಸಿದ್ದು ತನ್ನ ಎಮ್ಮೆಯನ್ನು ಎಂದು ಶೇವಂತಾ ಹೇಳಿದರೆ ಕರೋಶಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬದೆ ಬಿಟ್ಟಿದ್ದರೆ ಅವಳೂ ಸುಮ್ಮನಿರುತ್ತಿದ್ದಳು. ಆದರೆ ಜನ ಸಂಗ್ರಾಮನ ಮಾತನ್ನೇ ತಿರುಗಿಸಿ ಅವಳ ಮೇಲೆ ಒಗೆಯುತ್ತಿದ್ದರು.

ದೊಡ್ಡ ದೊಡ್ಡ ಮಂತ್ರಿಗಳನ್ನು ಎದುರಿಗೆ ಕೂಡಿಸಿಕೊಂಡು, ಅವರು ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಸಂಗ್ರಾಮ ಮೆಲ್ಲಗೆ "ಖರೇನ್ರಿ?" ಎನ್ನುತ್ತಿದ್ದ. ಅಷ್ಟೇ. ಆಮೇಲೆ ಸುಮ್ಮನೆ ಕಾಯುತ್ತಿದ್ದ. ಆ ಮೌನದಲ್ಲಿ ಮಂತ್ರಿಗಳು ಬೆವರು ಒರೆಸಿಕೊಳ್ಳುವುದನ್ನು ನೋಡಲು ಇಡೀ ರಾಜ್ಯವೇ ರವಿವಾರ ಟೀವಿ ಮುಂದೆ ಕೂಡುತ್ತಿತ್ತು. ಕರೋಶಿಯ ಹೊಲದಲ್ಲಿ ಕಳೆ ತೆಗೆಯುತ್ತ ಮಲಕವ್ವ ಅದೇ ಮಾತು ಹಿಡಿದಿದ್ದಳು.

"ನಿನ್ನ ಎಮ್ಮಿ ಟೀವಿಯಾಗ ಬಂದಿತ್ತಾ ಶೇವಂತಾ? ಖರೇನ್ರಿ?"

"ಬಂದಿತ್ತ ಬೇ. ನನ್ನ ಲಗ್ನದಾಗ ಸುದ್ಧಾ ಯಾರೂ ಫೋಟೋ ತಗದಿರಲಿಲ್ಲ, ಆಕೀದು ತಗದ್ರು."

"ಅವಾ ತನ್ನ ಬಾಯಿಲೆ ಹೇಳಲಿ. ಆವಾಗ ನಂಬತೇನಿ."

ಅದು ನಡೆದದ್ದು 2003ರಲ್ಲಿ. ಶೇವಂತಾಳ ಓಣಿಯ ಹುಡುಗ ಸಂಗ್ರಾಮ ಆಗ ಚಿಕ್ಕೋಡಿಯ ಕೇಬಲ್ ಟೀವಿಯಲ್ಲಿ ಸುದ್ದಿ ಓದುತ್ತಿದ್ದ; ಓದುವುದು ಇಲ್ಲದಾಗ ಕಂಬ ಹತ್ತಿ ವೈರು ಜೋಡಿಸುತ್ತಿದ್ದ. ಊರಿನ ನೀರಿನ ಟಾಕಿ ಯಾಕೆ ಒಣಗಿ ನಿಂತಿದೆ ಎಂದು ಕೇಳಲು ಒಬ್ಬ ಪುಢಾರಿಯನ್ನು ಟಾಕಿಯ ಬುಡಕ್ಕೇ ಕರೆದಿದ್ದ. ಖುರ್ಚಿ ಹಾಕಿಸಿದ್ದ, ಹಾರ ತಂದಿದ್ದ. ಹೊತ್ತು ನೆತ್ತಿಗೇರಿದರೂ ಪುಢಾರಿ ಬರಲಿಲ್ಲ; ಕಾದು ಕಾದು ಊರ ಮಂದಿ ಹೊಲಕ್ಕೆ ಹೋದರು. ಕ್ಯಾಮೆರಾದವನು ನಿಪ್ಪಾಣಿಯ ಲಗ್ನಕ್ಕೆ ಹೋಗಬೇಕೆಂದು ಅವಸರ ಮಾಡಿದ. ಸಂಗ್ರಾಮ ಅತ್ತಿತ್ತ ನೋಡಿದ. ಬೇವಿನ ಗಿಡದ ಕೆಳಗೆ ಶೇವಂತಾಳ ಎಮ್ಮೆ ಚಾಂದಿ ಮೆಲುಕು ಹಾಕುತ್ತ ನಿಂತಿತ್ತು. ಅವನು ಚಿಕ್ಕಮ್ಮನೆಂಬಂತೆ ಕಾಕು ಎಂದು ಕರೆಯುತ್ತಿದ್ದ ಶೇವಂತಾ ಮೇವಿನ ಬುಟ್ಟಿಯೊಡನೆ ಪಕ್ಕದಲ್ಲೇ ಇದ್ದಳು.

"ಕಾಕು, ಚಾಂದೀನ ಇಲ್ಲಿ ತಂದು ಕಟ್ಟು."

"ಯಾಕೋ ಯಪ್ಪಾ?"

"ಸಾಹೇಬ್ರ ಬದಲಿ ಆಕೀನ ಮಾತಾಡಲಿ."

ಹಾರವನ್ನು ಚಾಂದಿಯ ಕೊರಳಿಗೆ ಹಾಕಿ, ಮೈಕು ಅದರ ಮೂತಿಯ ಮುಂದೆ ಹಿಡಿದು ಕೇಳಿದ: "ಚಾಂದಿಬಾಯಾರ, ಟಾಕಿಗೆ ನೀರು ಬರತೈತಿ ಅಂತ ಎಲೆಕ್ಷನ್ ಬಂದಾಗೊಮ್ಮೆ ಹೇಳೀರಿ. ಖರೇನ್ರಿ?"

ಕೇಳಿದವನು ನಗಲಿಲ್ಲ. ಮನುಷ್ಯರ ಉತ್ತರಕ್ಕೆ ಕಾಯುವಂತೆ ಕಾದ. ಚಾಂದಿ ಕೊರಳು ತಿರುಗಿಸಿ ಹಾರದ ಒಂದು ಚೆಂಡುಹೂವು ಕಿತ್ತು ತಿಂದಿತು. ಸಂಗ್ರಾಮ ಇನ್ನೂ ಕಾಯುತ್ತಲೇ ಇದ್ದ. ಕ್ಯಾಮೆರಾಕ್ಕೆ ಕಾಣಬಾರದೆಂದು ಅವನ ಬೆನ್ನ ಹಿಂದಿನ ಮೋಟುಗೋಡೆಯ ಮರೆಗೆ ಸರಿದಿದ್ದ ಶೇವಂತಾಳಿಗೆ ತಡೆಯಲಾಗಲಿಲ್ಲ. ನಮ್ಮ ಹುಡುಗನ ಮರ್ಯಾದಿ ಹೋಗತೈತಿ ಎನ್ನಿಸಿ, ಬುಟ್ಟಿಯಲ್ಲಿದ್ದ ಹಸಿ ಕಬ್ಬಿನ ಸೋಗೆ ಎತ್ತಿ ಗೋಡೆಯ ಮೇಲಿಂದ ತೋರಿಸಿ ಇಳಿಸಿದಳು. ಚಾಂದಿಯ ಗೋಣು ಮೇಲೇರಿತು, ಇಳಿಯಿತು. ಮತ್ತೆ ಸೋಗೆ ಎತ್ತಿದಳು. ಮತ್ತೆ ಗೋಣು. ಕ್ಯಾಮೆರಾದವನು ಬಾಯಿ ಮುಚ್ಚಿಕೊಂಡು ನಗತೊಡಗಿದ. ಸಂಗ್ರಾಮ ಮಾತ್ರ ಹಿಂದೆ ತಿರುಗಿ ನೋಡಲಿಲ್ಲ.

ಸೋಗೆಯ ಸುದ್ದಿಯನ್ನು ಶೇವಂತಾ ಯಾರಿಗೂ ಹೇಳಲಿಲ್ಲ, ಗಂಡ ಗಂಗಾರಾಮನಿಗೂ ಹೇಳಲಿಲ್ಲ.

ಚಿಕ್ಕೋಡಿಯ ಮಂದಿ ಬಿದ್ದು ಬಿದ್ದು ನಕ್ಕರು. ಪುಢಾರಿಗೆ ನಾಚಿಕೆಯಾಯಿತೋ ಏನೋ, ಮಳೆಗಾಲಕ್ಕಿಂತ ಮೊದಲೇ ಟಾಕಿಗೆ ನೀರು ಬಂತು. ಸಂಗ್ರಾಮ ಬೆಳಗಾವಿಗೆ ಹೋದ, ಹುಬ್ಬಳ್ಳಿಗೆ ಹೋದ, ಬೆಂಗಳೂರಿನ ದೊಡ್ಡ ಚಾನೆಲ್ಲಿಗೂ ಹೋದ. ಅಲ್ಲಿ "ನಿಜವೇ" ಎಂದು ಕೇಳು ಎಂದರಂತೆ. ಅವನು "ಖರೇನ್ರಿ" ಬಿಡಲಿಲ್ಲ. ಆದರೆ ಎಮ್ಮೆಯನ್ನು ಟೀವಿಯಲ್ಲಿ ತೋರಿಸಿದ ದಿನ ಕರೋಶಿಯಲ್ಲಿ ಕರೆಂಟು ಇರಲಿಲ್ಲ. ಕೇಬಲ್ಲಿನವರು ಅದೇ ಕ್ಯಾಸೆಟ್ಟಿನ ಮೇಲೆ ಯಾರದೋ ಲಗ್ನ ತುಂಬಿದರು. ಚಾಂದಿಯೂ ಮುದಿಯಾಗಿ ಸತ್ತಿತು. ಊರಲ್ಲಿ ಸಾಕ್ಷಿಯೆಂದು ಉಳಿದವಳು ಶೇವಂತಾ ಒಬ್ಬಳೇ.

2015ರಲ್ಲಿ ಚಿಕ್ಕೋಡಿಯಲ್ಲಿ ಸಂಗ್ರಾಮನಿಗೆ ಸತ್ಕಾರ ಇಟ್ಟರು. ಶೇವಂತಾ ಹೊರಟಳು. ಸುಳ್ಳು ಹೊರಬೀಳುವುದನ್ನು ನೋಡಲೆಂದು ಮಲಕವ್ವನೂ ಅದೇ ಬಸ್ಸು ಹತ್ತಿದಳು.

ವೇದಿಕೆಯ ಮೇಲೆ ಅಂದು ಪ್ರಶ್ನೆ ಕೇಳುವ ಸರದಿ ಕಾಲೇಜಿನ ಕಾಜಲ ಮೇಡಮ್ಮರದು. "ಸರ್, ನಿಮ್ಮ ಮೊದಲನೇ ಅತಿಥಿ ಯಾರು?"

ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ ಶೇವಂತಾಳ ಕೈ ನಿಂತಿತು. ಯಾವುದಾದರೂ ಮಂತ್ರಿಯ ಹೆಸರು ಹೇಳಿದರೆ ನಾಳೆಯಿಂದ ಓಣಿಯಲ್ಲಿ ತಲೆ ಎತ್ತಿ ಓಡಾಡುವ ಹಾಗಿರಲಿಲ್ಲ.

"ಕರೋಶಿಯ ಚಾಂದಿಬಾಯಿ," ಎಂದ ಸಂಗ್ರಾಮ.

"ಅವರು ಯಾವ ಪಕ್ಷದವರು ಸರ್?"

"ಯಾರು ಮೇವು ತೋರಸ್ತಾರ ಅವರ ಪಕ್ಷ. ಎಮ್ಮಿ ಅಲ್ರಿ?"

ಸಭೆಯೆಲ್ಲ ನಕ್ಕಿತು. ಶೇವಂತಾ ನಗಲಿಲ್ಲ, ಸೋಗೆ ತೋರಿಸಿದ್ದು ಇವನಿಗೆ ಗೊತ್ತಿತ್ತೇ ಎಂದುಕೊಂಡಳು. ಸಂಗ್ರಾಮ ಟಾಕಿಯ ಕತೆಯನ್ನೆಲ್ಲ ಹೇಳಿದ. "ಅವತ್ತ ಕಲತೆ ನಾ. ಪ್ರಶ್ನೆ ಕೇಳಿ ಸುಮ್ಮನ ನಿಂದರಬೇಕು. ನಿಂತ್ರ ಎಮ್ಮಿನೂ ಖರೆ ಹೇಳತೈತಿ. ಆಕೀ ಮಾಲಕಿನ್ ನಮ್ಮ ಶೇವಂತಾ ಕಾಕು ಅಲ್ಲಿ ಹಿಂದ ಕುಂತಾಳ್ರಿ."

ನೂರಾರು ಮುಖ ಹಿಂದೆ ತಿರುಗಿದವು. ಮಲಕವ್ವ ರಟ್ಟೆ ಹಿಡಿದು ಎಬ್ಬಿಸಿದಳು. "ಏಳ ಬೇ, ನಿಂದರ," ಎಂದವಳೇ ಪಕ್ಕದವರಿಗೆ ಹೇಳತೊಡಗಿದಳು: "ನಮ್ಮ ಓಣ್ಯಾಕೀನ ರೀ. ಆ ಎಮ್ಮಿ ಹಾಲು ನಾನೂ ಕುಡದೇನಿ."

ಚಪ್ಪಾಳೆಯ ನಡುವೆ ನಿಂತ ಶೇವಂತಾ ಸೆರಗು ಸರಿಮಾಡಿಕೊಂಡಳು, ತಲೆ ಮಾತ್ರ ತಗ್ಗಿಸಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸಂಗ್ರಾಮ ಕೊರಳಲ್ಲಿ ಚೆಂಡುಹೂವಿನ ಹಾರದೊಡನೆ ಇಳಿದು ಬಂದು ಅವಳ ಕಾಲು ಮುಟ್ಟಿದ. ಎದ್ದು, ಯಾರಿಗೂ ಕೇಳಿಸದ ಹಾಗೆ ಅಂದ: "ಕಾಕು, ಅವತ್ತ ಚಾಂದಿ ತಾನಾಗೇ ಗೋಣು ಹಾಕಿದ್ಲು. ಖರೇನ್ರಿ?"

ಆಮೇಲೆ ಸುಮ್ಮನೆ ಕಾದ. ಮಂತ್ರಿಗಳು ಬೆವರು ಒರೆಸಿಕೊಳ್ಳುತ್ತಿದ್ದ ಮೌನ ಅದೇ. ಶೇವಂತಾ ಬೆವರಲಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಆ ಕಡೆಯಿಂದ ಈ ಕಡೆಗೆ ತಂದು, ನಿಧಾನಕ್ಕೆ ಅಗಿಯುತ್ತ, ತನ್ನ ಓಣಿಯ ಹುಡುಗನನ್ನು ಕಣ್ತುಂಬ ನೋಡಿದಳು.

ಗೋಣು ಮೇಲೆತ್ತಿ, ಒಮ್ಮೆ ಕೆಳಗಿಳಿಸಿದಳು.