ಪಟ್ಟಿಯೊಳಗಿನ ತಂತಿ

ಒಂದೂ ತಪ್ಪಿಲ್ಲವೇ? ಇಷ್ಟು ಚೆನ್ನಾಗಿ ಬರಲು ಹೇಗೆ ಸಾಧ್ಯ? ಅತ್ತಿಗೆ ಮೈಕಿನಲ್ಲಿ ಆಡಿ, ಅಣ್ಣನ ಕಿವಿಯ ಇಯರ್‌ಫೋನಿಗೆ ಹೋದ ಸದ್ದುಗಳೇ ಪರದೆಯ ಮೇಲೆ ಸಾಲಾಗಿ ನಿಂತಿದ್ದವು: ಬಾ, ದಾ, ಕೂ, ಮಾ. ತಲೆಯ ಮೇಲಿನಿಂದಲೇ ಮಿದುಳಿನ ಅಲೆಗಳನ್ನು ಹಿಡಿದು, ಕಿವಿಗೆ ಬಿದ್ದ ಸದ್ದು ಯಾವುದೆಂದು ಹೇಳುವ, ತಮ್ಮನು ಕಟ್ಟಿದ ನ್ಯೂರಲ್ ನೆಟ್‌ವರ್ಕ್ ಯಂತ್ರ ಆರೋಗ್ಯವಂತರ ತಲೆಯಲ್ಲೇ ಅರ್ಧಕ್ಕರ್ಧ ಎಡವುತ್ತಿತ್ತು. ಪಾರ್ಶ್ವವಾಯು ಬಡಿದು, ಕಣ್ಣು ಬಿಟ್ಟುಕೊಂಡು ಕೊರಡಿನಂತೆ ಕೂತ ಅಣ್ಣನ ಅಲೆಗಳ ಮೇಲೆ ಬೆಳಿಗ್ಗೆಯಿಡೀ ಪಳಗಿಸಿದ ಮೇಲೆ ಎಡವಲೇ ಇಲ್ಲ.

"ನೋಡಿದ್ಯೇನೋ!" ವೀಲ್‌ಚೇರಿನ ಪಕ್ಕದಲ್ಲಿ ಅತ್ತಿಗೆ ನಗುತ್ತಿದ್ದಳು, ಅಳುತ್ತಲೂ ಇದ್ದಳು. "ಮದುವೆಯಾದಾಗಿಂದ ನಿಮ್ಮಣ್ಣ ನನ್ನ ಮಾತು ಕಿವಿಗೆ ಹಾಕ್ಕೊಂಡಿದ್ದು ಇವತ್ತೇ ಮೊದ್ಲು! ಇನ್ನು ಆಫೀಸೂ ಬೇಡ, ಏನೂ ಬೇಡ. ಇವರ ಹತ್ರ ಮಾತಾಡ್ತಾ ಕೂತ್ಕೋತೀನಿ. ಈಗ್ಲೇ ಫೋನ್ ಮಾಡಿ ಕೆಲಸ ಬಿಟ್ಟೆ ಅಂತೀನಿ."

"ಸ್ವಲ್ಪ ತಡೀರಿ ಅತ್ತಿಗೆ..."

"ಏನು ತಡಿಯೋದು? ನಿನ್ನ ಯಂತ್ರದ ಮೇಲೆ ನಿಂಗೇ ನಂಬಿಕೆ ಇಲ್ವಾ?" ಎನ್ನುತ್ತ ಫೋನು ಹಿಡಿದು ಹೊರಗೆ ಹೋದಳು.

ಆಗ ಅದು ತಮ್ಮನ ಕಣ್ಣಿಗೆ ಬಿತ್ತು. ಅಣ್ಣನ ಕತ್ತು ವಾಲಿದಾಗಲೆಲ್ಲ ಇಯರ್‌ಫೋನು ಜಾರುತ್ತದೆಂದು, ಅದರ ತಂತಿಯನ್ನು ಅಲೆ ಹಿಡಿಯುವ ಎಲೆಕ್ಟ್ರೋಡುಗಳ ಟೋಪಿಯ ಪಟ್ಟಿಯೊಳಗೆ ಬೆಳಿಗ್ಗೆ ಸಿಕ್ಕಿಸಿದವನು ಅವನೇ. ಸದ್ದು ಹೊತ್ತ ತಂತಿ ಎಲೆಕ್ಟ್ರೋಡಿಗೆ ಅಂಟಿಕೊಂಡಂತೆ ಇತ್ತು. ಯಂತ್ರ ಓದಿದ್ದು ಮಿದುಳನ್ನೋ, ತಂತಿಯನ್ನೋ?

ಅಣ್ಣನ ತಲೆಯಿಂದ ಟೋಪಿ ಬಿಚ್ಚಿದ. ಮೂಲೆಯಲ್ಲಿದ್ದ ನೀರಿನ ಕ್ಯಾನಿಗೆ, ತಲೆಯ ಚರ್ಮದ ಬದಲಿಗೆಂದು, ಒದ್ದೆ ಬಟ್ಟೆ ಸುತ್ತಿ, ಟೋಪಿಯನ್ನು ಅದಕ್ಕೆ ತೊಡಿಸಿ, ತಂತಿಯನ್ನು ಹಾಗೆಯೇ ಸಿಕ್ಕಿಸಿದ. ದಾಖಲಾಗಿದ್ದ ಅತ್ತಿಗೆಯ ದನಿಯನ್ನು ಮತ್ತೆ ಹಾಕಿದ. ತಪ್ಪಾಗಲಿ, ಒಂದಾದರೂ ತಪ್ಪಾಗಲಿ ಎಂದು ಪರದೆಯನ್ನೇ ನೋಡುತ್ತ ಕಾದ.

ಬಾ. ದಾ. ಕೂ. ಮಾ.

ಅಣ್ಣ ಕಿಟಕಿಯತ್ತಲೇ ನೋಡುತ್ತಿದ್ದ. ಅವನಿಗೆ ಕೇಳಿಸುತ್ತದೋ ಇಲ್ಲವೋ, ನಿನ್ನೆ ಗೊತ್ತಿದ್ದಷ್ಟೇ ಇವತ್ತೂ.

ಹೊರಗೆ ಹೆಜ್ಜೆ ಸದ್ದು. ಕ್ಯಾನಿನಿಂದ ಟೋಪಿ ಕಿತ್ತು ಅಣ್ಣನ ತಲೆಗೆ ಏರಿಸುವಷ್ಟರಲ್ಲಿ ಬಾಗಿಲು ತೆರೆಯಿತು.

"ಹೇಳ್ಬಿಟ್ಟೆ ಕಣೋ. ಮ್ಯಾನೇಜರು ಬೈದ್ರು, ಬೈಲಿ ಬಿಡು. ಯಾಕೋ, ದೆವ್ವ ಬಡಿದವ್ನ ಥರ ಬೆವರ್ತಿದೀಯ?"

"ಏನಿಲ್ಲ ಅತ್ತಿಗೆ. ಕೆಲಸದ ವಿಷಯ... ಇನ್ನೊಂದ್ಸಲ..."

ಅವಳು ಕೇಳಿಸಿಕೊಳ್ಳಲಿಲ್ಲ. ಅಣ್ಣನ ಮುಂದೆ ಮಂಡಿಯೂರಿ ಅವನ ಮುಖವನ್ನೇ ನೋಡುತ್ತಿದ್ದಳು. ಹಣೆಯ ಪಕ್ಕದಿಂದ ಒಂದು ಹನಿ ಇಳಿದು, ಕಣ್ಣಿನ ಅಂಚು ದಾಟಿ, ಕೆನ್ನೆಯ ಮೇಲೆ ನಿಂತಿತು.

"ಅಳ್ತಿದಾರೆ," ಎಂದಳು ಮೆಲ್ಲಗೆ. "ನೋಡೋ, ಅಳ್ತಿದಾರೆ. ಯಾಕ್ರೀ, ನಾನು ಇಲ್ಲೇ ಇದೀನಲ್ರೀ."

ಟೋಪಿ ಒದ್ದೆಯಾಗಿತ್ತೆಂದು ಅವನು ಆಗ ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ.